ಹೊಳಪು ಎಲ್ಲೂ ಹೋಗಿರಲಿಲ್ಲ!

ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಮಂಕಾದ ಬೂದು ಬಣ್ಣದ ಕಾರೊಂದರ ಬಾನೆಟ್ ಮೇಲೆ ಒಂದು ಚೊಂಬು ನೀರು ಸುರಿಯಿರಿ. ಸುರಿದು, ಬಾಗಿ ನೋಡಿ. ಅರೆ! ನೀರು ಹರಿದಷ್ಟು ಜಾಗದಲ್ಲಿ ಬಣ್ಣ ಗಾಢವಾಗಿದೆ, ಅದರಾಳದಲ್ಲಿ ಬೆಳ್ಳಿ ಚುಕ್ಕಿಗಳು ಮಿನುಗುತ್ತಿವೆ, ಷೋರೂಮಿನಿಂದ ಹೊರಬಿದ್ದ ದಿನದ ಕಾರು ಅಂಗೈಯಗಲ ಎದ್ದು ಬಂದಿದೆ! ಎರಡೇ ನಿಮಿಷ. ನೀರು ಆರಿತು. ಮತ್ತದೇ ಮಂಕು.

ನೀರಿನಲ್ಲಿ ಬಣ್ಣವಿಲ್ಲ, ಮೇಣವಿಲ್ಲ, ಪಾಲಿಶ್ ಇಲ್ಲ. ಹಾಗಾದರೆ ಆ ಹೊಳಪು ಬಂದದ್ದೆಲ್ಲಿಂದ? ಹೋದದ್ದೆಲ್ಲಿಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ವಾಟರ್ ಸರ್ವಿಸ್ ಶೆಡ್ಡಿನಲ್ಲಾದರೂ ದಿನವಿಡೀ ನಡೆಯುವ ಈ ಪವಾಡವನ್ನು ಯಾರೂ ಪವಾಡವೆಂದು ಎಣಿಸುವುದಿಲ್ಲ. ಆದರೆ ಆ ಪ್ರಶ್ನೆ ಒಮ್ಮೆ ತಲೆ ಹೊಕ್ಕಿತೋ, ಸುಮ್ಮನಿರಲು ಬಿಡದು. ಉತ್ತರ ಹುಡುಕಿಕೊಂಡು ದೂರದ ಪ್ರಯೋಗಾಲಯಕ್ಕೆ ಓಡಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ 69 ಹಿಡಿದರೆ ಸಾಕು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು. ಪೂರ್ವದಿಂದ ಪಶ್ಚಿಮಕ್ಕೆ ಒಂದೇ ದಾರಿಯ ಮೇಲೆ ಸಾಲಾಗಿ ನಿಂತ ನಾಲ್ಕು ಊರು. ನಾಲ್ಕರಲ್ಲೂ ಈ ಒಗಟಿನ ಒಂದೊಂದು ತುಂಡು ಬಿದ್ದಿದೆ!

ಬಣ್ಣದ ಮೇಲೊಂದು ಬಣ್ಣವಿಲ್ಲದ ಪದರ

ಹೊರಡುವ ಮುನ್ನ ಬಾನೆಟ್ಟಿನ ಒಳಕ್ಕೇ ಇಳಿಯೋಣ. ಇಲ್ಲಿ ಅಳತೆಯೆಲ್ಲ ಮೈಕ್ರಾನಿನದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಉಕ್ಕಿನ ತಗಡಿನ ಮೈಗೆ ಅಂಟಿದಂತೆ ತುಕ್ಕು ತಡೆಯುವ ಲೇಪ, ಸುಮಾರು 20 ಮೈಕ್ರಾನ್. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಕೂರಿಸಿದ ಲೇಪವದು. ಅದರ ಮೇಲೆ ಪ್ರೈಮರ್, 30ರಿಂದ 40. ಅದರ ಮೇಲೆ ನಾವು ಬಣ್ಣ ಎಂದು ಕರೆಯುವ ಬೇಸ್ ಕೋಟ್, 15 ಮೈಕ್ರಾನಿನ ಆಸುಪಾಸು, ಅಷ್ಟೇ! ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ, ಪೇಂಟರುಗಳ ಬಾಯಲ್ಲಿ ಬರೀ ‘ಕ್ಲಿಯರ್’, 35ರಿಂದ 50. ನಾಲ್ಕೂ ಸೇರಿದರೆ ಎರಡು ತಲೆಗೂದಲಿನ ದಪ್ಪಕ್ಕೂ ಸಾಲದು. ಲಕ್ಷಾಂತರ ರೂಪಾಯಿಯ ಕಾರಿನ ಸೌಂದರ್ಯವೆಲ್ಲ ಅಷ್ಟರೊಳಗೇ!

ಈಗ ಆ 15 ಮೈಕ್ರಾನಿನೊಳಗೆ ನೋಡಿ. ಅಲ್ಲಿ ಅಲ್ಯೂಮಿನಿಯಂ ಚಕ್ಕೆಗಳಿವೆ. ಅಗಲ ಸಾಮಾನ್ಯವಾಗಿ 10ರಿಂದ 30 ಮೈಕ್ರಾನ್, ದಪ್ಪ ಒಂದು ಮೈಕ್ರಾನಿಗೂ ಕಡಿಮೆ. ಬಣ್ಣ ಒಣಗಿ ಕುಗ್ಗುವಾಗ ಈ ಚಕ್ಕೆಗಳು ತಂತಾವೇ ಮಲಗಿಬಿಡುತ್ತವೆ, ತಗಡಿಗೆ ಸಮಾನಾಂತರವಾಗಿ. ಕೋಟ್ಯಂತರ ಪುಟಾಣಿ ಕನ್ನಡಿಗಳು! ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ತೊಂಬತ್ತು ಪಾಲನ್ನು ಅಲ್ಯೂಮಿನಿಯಂ ಹಿಂದಿರುಗಿಸಿಬಿಡುತ್ತದೆ. ಅದಕ್ಕೇ ಮೆಟಾಲಿಕ್ ಕಾರು ಎದುರು ನಿಂತರೆ ಬೆಳ್ಳಗೆ, ಪಕ್ಕಕ್ಕೆ ಸರಿದರೆ ಗಾಢ. ಕಾರು ನಿಂತಲ್ಲೇ ನಿಂತಿದೆ, ನಾವು ನಡೆದರೆ ಬಣ್ಣವೂ ನಡೆಯುತ್ತದೆ!

ಇನ್ನೊಂದು ಸೋಜಿಗ. ಒಂದು ಚಕ್ಕೆ ನಿಮ್ಮ ಎಡಗಣ್ಣಿಗೆ ಬೆಳಕು ಕಳಿಸಿದರೆ, ಅದೇ ಕ್ಷಣ ಬಲಗಣ್ಣಿಗೆ ಕಳಿಸಬೇಕೆಂದೇನಿಲ್ಲ. ಎರಡು ಕಣ್ಣಿಗೆ ಎರಡು ಬೇರೆ ನಕ್ಷತ್ರಪಟ. ಮಿದುಳು ಇವೆರಡನ್ನೂ ಹೊಂದಿಸಲು ಹೆಣಗುವಾಗ ಆಳವೆಂಬ ಅನುಭವ ಹುಟ್ಟುತ್ತದೆ. ನಂಬದಿದ್ದರೆ ಹೊಸ ಕಾರಿನೆದುರು ಒಂದು ಕಣ್ಣು ಮುಚ್ಚಿ, ತೆರೆದು ನೋಡಿ!

ಮುಖ್ಯ ಸಂಗತಿಯೆಂದರೆ, ಈ ಚಕ್ಕೆಗಳಿಗೆ ಗಾಳಿ ತಾಕಿಲ್ಲ, ಧೂಳು ತಾಕಿಲ್ಲ. ಕ್ಲಿಯರ್ ಅಡಿಯಲ್ಲಿ ಮೊದಲ ದಿನದಷ್ಟೇ ಬೆಳ್ಳಗೆ ಮಲಗಿವೆ. ಮಂಕಾದದ್ದು ಕ್ಲಿಯರಿನ ತುತ್ತತುದಿಯ ಕೆಲವೇ ಮೈಕ್ರಾನ್. ಅಲ್ಲಿ ಸಾವಿರಾರು ಸಣ್ಣ ಗೀರುಗಳು, ಗೀರುಗಳೊಳಗೆ ಗಾಳಿ. ಗಾಳಿಯ ವಕ್ರೀಭವನ ಸೂಚ್ಯಂಕ 1, ಕ್ಲಿಯರಿನದು 1.5ರ ಸಮೀಪ. ಈ ಅಂತರದಿಂದಾಗಿ ಪ್ರತಿ ಗೀರೂ ಬೆಳಕನ್ನು ಕಂಡಕಂಡ ಕಡೆ ಚೆಲ್ಲುತ್ತದೆ. ಬೆಳಕು ಒಳಹೋಗುವಾಗ ಒಮ್ಮೆ, ಚಕ್ಕೆಗೆ ಬಡಿದು ಹೊರಬರುವಾಗ ಇನ್ನೊಮ್ಮೆ, ಹೀಗೆ ಎರಡೆರಡು ಸಲ ಚದುರಿ, ಇಡೀ ಬಣ್ಣದ ಮೇಲೆ ತೆಳು ಬಿಳುಪೊಂದು ಹರಡುತ್ತದೆ. ಅದೇ ಮಂಕು. ನೀರಿನ ಸೂಚ್ಯಂಕ 1.33. ಗೀರಿನಿಂದ ಗಾಳಿಯನ್ನು ಓಡಿಸಿ ತಾನು ಕೂತಾಗ ಆ ಅಂತರ ತಗ್ಗುತ್ತದೆ, ಚದುರುವಿಕೆ ತಗ್ಗುತ್ತದೆ, ಒಳಗಿನ ಬೆಳ್ಳಿ ಹೊರಗೆ ಕಾಣುತ್ತದೆ. ಚೊಂಬಿನ ನೀರು ಏನನ್ನೂ ತಂದುಕೊಟ್ಟಿರಲಿಲ್ಲ. ಅಡ್ಡ ಬಂದದ್ದನ್ನು ಎರಡು ನಿಮಿಷ ಮರೆಮಾಡಿತ್ತು, ಅಷ್ಟೇ!

ಚಿಂತಾಮಣಿ: ಉಂಗುರ ಬರೆಯುವ ಹನಿ

ಹಾಗಿದ್ದರೆ ಅದೇ ನೀರು ಕಾರಿನ ಶತ್ರುವಾಗುವುದು ಹೇಗೆ? ಟೊಮೆಟೊ ಲಾರಿಗಳ ಊರು ಚಿಂತಾಮಣಿಯಲ್ಲಿ ಬಿಸಿಲಲ್ಲಿ ತೊಳೆದು ಬಿಟ್ಟ ಯಾವ ಕಾರನ್ನಾದರೂ ನೋಡಿ, ಮೈತುಂಬ ಬಿಳಿ ಉಂಗುರಗಳು. ಬರಿದಾಗದ ನದಿಯೊಂದೂ ಇಲ್ಲದ ಜಿಲ್ಲೆಯಿದು. ನೀರೆಂದರೆ ಬೋರ್‌ವೆಲ್, ಬೋರ್‌ವೆಲ್ ಎಂದರೆ ಸಾವಿರ ಅಡಿ ದಾಟಿದ ಆಳ. ಬಂಡೆಯ ಬಿರುಕುಗಳಲ್ಲಿ ಕಾಲ ಕಳೆದ ನೀರು ಬಂಡೆಯನ್ನೇ ಒಂದಿಷ್ಟು ಕರಗಿಸಿಕೊಂಡು ಮೇಲೆ ಬರುತ್ತದೆ. ಹನಿ ಆವಿಯಾದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಗಟ್ಟಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದರೆ ಅಪ್ಪಟ ಸುಣ್ಣಕಲ್ಲಾಗಿ, ಬಣ್ಣದ ಮೇಲೆ ಕೂರುತ್ತದೆ.

ಆದರೆ ಉಂಗುರವೇ ಏಕೆ? ತುಂಬು ಮಚ್ಚೆ ಏಕಲ್ಲ? ಇದೇ ಪ್ರಶ್ನೆಯನ್ನು ಮೇಜಿನ ಮೇಲೆ ಚೆಲ್ಲಿದ ಕಾಫಿಯ ಬಗ್ಗೆ ಕೇಳಿ, ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ಉತ್ತರ ಕೊಟ್ಟರು. ಹನಿಯ ಅಂಚು ನೆಲಕ್ಕೆ ಅಂಟಿಕೊಂಡಿರುತ್ತದೆ, ಆವಿಯಾಗುವುದೂ ಅಂಚಿನಲ್ಲೇ ಬೇಗ. ಅಲ್ಲಿ ಕಳೆದ ನೀರನ್ನು ತುಂಬಲು ನಡುವಿನ ನೀರು ಹೊರಮುಖವಾಗಿ ಹರಿಯುತ್ತದೆ, ತನ್ನೊಳಗಿದ್ದುದನ್ನೆಲ್ಲ ಅಂಚಿಗೆ ಸಾಗಿಸಿ ಬಿಡುತ್ತದೆ. ಫಿಲ್ಟರ್ ಕಾಫಿಯ ಲೋಟದ ಗುರುತೂ ಬಾನೆಟ್ಟಿನ ಸುಣ್ಣದ ಉಂಗುರವೂ ಒಂದೇ ನಿಯಮಕ್ಕೆ ತಲೆಬಾಗಿವೆ!

ಸುಣ್ಣಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ನೆರಳಲ್ಲಿ ತಣ್ಣಗಿರುವ ಬಾನೆಟ್ ಮೇಲೆ ಒಂದು ನಿಮಿಷ ಇಡಿ. ಆಮ್ಲ ಸುಣ್ಣವನ್ನು ತಿನ್ನುತ್ತದೆ, ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಉಂಗುರ ಕರಗುತ್ತದೆ. ತಕ್ಷಣ ಚೆನ್ನಾಗಿ ತೊಳೆಯಬೇಕು. ಕರಗದೆ ಉಳಿದದ್ದು ಸಿಲಿಕಾ, ಇಲ್ಲವೇ ಬಣ್ಣದೊಳಕ್ಕೇ ಕೊರೆದ ಗುಳಿ. ಅದಕ್ಕೆ ಪಾಲಿಶ್ ಬೇಕು. ಮುಂದೆ ಉಂಗುರವೇ ಬೀಳದಂತೆ ಮಾಡುವುದೂ ಸುಲಭ. ಬೋರ್ ನೀರಲ್ಲಿ ತೊಳೆಯಿರಿ, ಆರಲು ಬಿಡದೆ ಕೊನೆಯ ಒಂದೆರಡು ಚೊಂಬು ಮಾತ್ರ ಮಳೆನೀರು ಹಾಕಿ. ಚಾವಣಿಯಿಂದ ತೊಟ್ಟಿಗೆ ಇಳಿದ ಮಳೆನೀರಿನಲ್ಲಿ ಬಂಡೆಯ ಲವಣಗಳಿಲ್ಲ. ಆರಿದರೂ ಗುರುತು ಬಿಡದು!

ಶಿಡ್ಲಘಟ್ಟ: ತೂಕ ಕಳೆದುಕೊಂಡು ಹೊಳೆಯುವ ನೂಲು

ಶಿಡ್ಲಘಟ್ಟಕ್ಕೆ ಬಂದರೆ ಕಾರನ್ನು ಒಂದು ಗಳಿಗೆ ಮರೆತುಬಿಡಬೇಕು. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು ಇಲ್ಲಿದೆ. ಓಣಿ ಓಣಿಯಲ್ಲಿ ನೂಲು ಬಿಚ್ಚಾಣಿಕೆ, ಬಿಸಿನೀರಿನ ಬಾಣಲೆಯಲ್ಲಿ ಕುಣಿಯುವ ಗೂಡುಗಳು, ಗಾಳಿಯಲ್ಲೆಲ್ಲ ಆ ವಾಸನೆ. ಬಿಚ್ಚಿದ ಕಚ್ಚಾ ರೇಷ್ಮೆಯನ್ನು ಕೈಗೆ ತೆಗೆದುಕೊಳ್ಳಿ. ಒರಟು! ಮಂಕು! ಕಾಂಜೀವರಂ ಸೀರೆಯ ಹೊಳಪು ಎಲ್ಲಿದೆ ಇದರಲ್ಲಿ?

ಇದೆ, ಒಳಗಿದೆ. ರೇಷ್ಮೆಹುಳು ಎರಡು ಗ್ರಂಥಿಗಳಿಂದ ಎರಡು ಎಳೆ ಹೊರಡಿಸಿ, ಸೆರಿಸಿನ್ ಎಂಬ ಅಂಟಿನಿಂದ ಅವನ್ನು ಜೋಡಿಸುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಈ ಅಂಟು. ಸೋಪು, ಸೋಡ ಬೆರೆಸಿದ ಕುದಿನೀರಿನಲ್ಲಿ ಅಂಟು ತೆಗೆದರೆ ಒಳಗಿನ ಫೈಬ್ರಾಯಿನ್ ಎಳೆ ಬಯಲಾಗುತ್ತದೆ. ಅದನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೂಲೆ ತುಸು ದುಂಡಗಾದ ತ್ರಿಕೋನ! ಅದರ ಸಪಾಟು ಮುಖಗಳು ಬೆಳಕನ್ನು ಕನ್ನಡಿಯ ಹಾಗೆ ತಿರುಗಿಸುತ್ತವೆ. ರೇಷ್ಮೆಗೆ ಹೊಳಪನ್ನು ಯಾರೂ ಹಚ್ಚುವುದಿಲ್ಲ. ಅಂಟು ಕಳೆದಾಗ ಅದು ಹೊರಬರುತ್ತದೆ.

ಮಂಕಾದ ಕಾರಿನ ವಿಷಯದಲ್ಲೂ ಆಗಬೇಕಾದದ್ದು ಇದೇ. ಅಂಗಡಿಯ ಕಪಾಟಿನ ತುಂಬ ಹಚ್ಚುವ ಬಾಟಲಿಗಳಿವೆ, ಎಣ್ಣೆ ಬೆರೆತ ದಿಢೀರ್ ಪಾಲಿಶ್‌ಗಳಿವೆ. ಅವೂ ಗೀರು ತುಂಬುತ್ತವೆ, ಹೊಳೆಯುತ್ತವೆ, ಎರಡು ಮೂರು ತೊಳೆತಕ್ಕೆ ಮಾಯವಾಗುತ್ತವೆ. ಚೊಂಬಿನ ನೀರು ಎರಡು ನಿಮಿಷದಲ್ಲಿ ಮಾಡಿದ್ದನ್ನೇ ಎರಡು ವಾರ ಎಳೆದಾಡುತ್ತವೆ. ನಿಜವಾದ ಹೊಳಪು ಬೇಕೆಂದರೆ ಹಚ್ಚುವ ಕೈ ತೆಗೆಯುವ ಕೈಯಾಗಬೇಕು!

ತೆಗೆಯುವುದು ಎಲ್ಲಿಂದ ಶುರು? ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ತೊಟ್ಟ ಕೈಯನ್ನು ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪೆನಿಸಿದ ಜಾಗ ಕವರಿನಡಿ ಜರಜರ ಎನ್ನುತ್ತದೆ! ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಮರದ ಅಂಟು, ರಸ್ತೆಯ ಡಾಂಬರು, ಎಲ್ಲ ಕ್ಲಿಯರಿಗೆ ಕಚ್ಚಿಕೊಂಡು ಕೂತಿವೆ. ಕಬ್ಬಿಣಕ್ಕೆಂದೇ ಒಂದು ದ್ರಾವಣ ಸಿಗುತ್ತದೆ. ಸಿಂಪಡಿಸಿದ ಕೆಲವು ನಿಮಿಷಗಳಲ್ಲಿ ಬಾನೆಟ್ ತುಂಬ ನೇರಳೆ ಬಣ್ಣ ಸೋರತೊಡಗುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣವನ್ನು ಹಿಡಿದು ಕರಗಿಸುವ ಗುರುತು. ಉಳಿದದ್ದನ್ನು ಕ್ಲೇ ಬಾರ್ ಎಂಬ ಮಿದ್ದ ಮಣ್ಣಿನಂಥ ಉಂಡೆ ಕಿತ್ತು ತರುತ್ತದೆ. ಸೋಪುನೀರಿನ ಜಾರುವಿಕೆ ಇರಲೇಬೇಕು. ಒಣಗಿದ ಮೈಮೇಲೆ ತಿಕ್ಕಿದರೆ ಕ್ಲೇಯೇ ಗೀರು ಹಾಕುತ್ತದೆ.

ಚಿಕ್ಕಬಳ್ಳಾಪುರ: 250 ಕೋಟಿ ವರ್ಷದ ಕಳ್ಳ

ಗೀರುಗಳನ್ನು ಹಾಕಿದವರಾರು? ಚಿಕ್ಕಬಳ್ಳಾಪುರದಲ್ಲಿ ನಿಂತು ತಲೆಯೆತ್ತಿ. ಎದುರಿಗೇ ನಂದಿಬೆಟ್ಟ, 1,478 ಮೀಟರ್ ಎತ್ತರದ ಗ್ರಾನೈಟ್. ಈ ಸೀಮೆಯ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ! ಗ್ರಾನೈಟ್ ಎಂದರೆ ಬಹುಪಾಲು ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್. ಮೋಹ್ಸ್ ಗಡಸುತನದ ಅಳತೆಯಲ್ಲಿ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಗಾಜನ್ನೇ ಗೀರುವ ಈ ಕಣದೆದುರು ಪ್ಲಾಸ್ಟಿಕ್ ಜಾತಿಯ ಕ್ಲಿಯರ್ ಯಾವ ಲೆಕ್ಕ? ಕ್ರಷರ್‌ಗಳ ಧೂಳು, ಎಂ-ಸ್ಯಾಂಡ್ ಟಿಪ್ಪರ್‌ಗಳ ಧೂಳು, ಹೆದ್ದಾರಿ 44ರ ಧೂಳು, ಎಲ್ಲದರಲ್ಲೂ ಅದೇ ಬಂಡೆಯ ಪುಡಿ.

ಧೂಳು ಸುಮ್ಮನೆ ಕೂತಿದ್ದರೆ ಹೆಚ್ಚಿನ ಹಾನಿಯಿಲ್ಲ. ಅದಕ್ಕೆ ಕೈಕಾಲು ಕೊಡುವುದು ನಮ್ಮ ಅಕ್ಕರೆ! ಬೆಳಗಾಗೆದ್ದು ಒಣಬಟ್ಟೆಯಿಂದ ಕಾರು ಒರೆಸುವ ಮನೆಗಳಲ್ಲೇ ಗೀರು ಹೆಚ್ಚು. ಪ್ರತಿ ಒರೆತದಲ್ಲೂ ಕ್ವಾರ್ಟ್ಜ್ ಕಣಗಳು ಬಟ್ಟೆಯಡಿ ಉರುಳಿ, ಒಂದೊಂದೂ ತನ್ನ ಗೆರೆ ಎಳೆದು ಹೋಗುತ್ತದೆ.

ರಾತ್ರಿ ಬೀದಿದೀಪದಡಿ ಕಾರು ನಿಲ್ಲಿಸಿ ಈ ಗೆರೆಗಳನ್ನು ನೋಡಿ. ದೀಪದ ಬಿಂಬದ ಸುತ್ತ ವೃತ್ತ ವೃತ್ತ, ಜೇಡನ ಬಲೆ! ವೃತ್ತಾಕಾರವಾಗಿ ಒರೆಸಿದ್ದಕ್ಕೇ ಹೀಗಾಯಿತು ಎಂದು ಎಲ್ಲರೂ ಹೇಳುತ್ತಾರೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ವೃತ್ತಗಳೂ ನಿಮ್ಮೊಂದಿಗೆ ಸರಿದವು! ಗೀರುಗಳು ನಿಜಕ್ಕೂ ಎಲ್ಲ ದಿಕ್ಕಿಗೂ ಇವೆ. ಆದರೆ ಬೆಳಕನ್ನು ನಿಮ್ಮ ಕಣ್ಣಿನತ್ತ ತಿರುಗಿಸಬಲ್ಲವು ಬಿಂಬಕ್ಕೆ ಅಡ್ಡಲಾಗಿರುವ ಗೀರುಗಳು ಮಾತ್ರ. ಅವು ಸೇರಿ ವೃತ್ತವೆನಿಸುತ್ತವೆ, ಉಳಿದವು ಕತ್ತಲಲ್ಲಿ ಅಡಗುತ್ತವೆ. ಬೀದಿದೀಪದ ಮುಂದಿನ ಬರಲು ಮರದ ಕೊಂಬೆಗಳು ದೀಪದ ಸುತ್ತ ಗೂಡು ಕಟ್ಟಿದಂತೆ ತೋರುವುದೂ ಇದೇ ಕಾರಣಕ್ಕೆ.

ಊರ ಪಕ್ಕದ ಮುದ್ದೇನಹಳ್ಳಿಯನ್ನು ನೆನೆಯದೆ ಇಲ್ಲಿಂದ ಮುಂದೆ ಹೋಗುವುದು ಹೇಗೆ? ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಕಾರು ತಯಾರಾಗಬೇಕೆಂದು 1935ರಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆ ಸುತ್ತಿ ಬಂದು ಯೋಜನೆ ರೂಪಿಸಿದರು. ಆ ಕನಸನ್ನು ಕೈಗೆತ್ತಿಕೊಂಡ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಆ ಹೊತ್ತಿಗೆ ಕಾರಿನ ಬಣ್ಣದ ಲೋಕವೇ ತಲೆಕೆಳಗಾಗಿತ್ತು. 1920ರ ದಶಕದ ಮಧ್ಯದಲ್ಲಿ ಡುಪಾಂಟ್ ಕಂಪನಿಯ ಡ್ಯೂಕೊ ಬಂದು, ವಾರಗಟ್ಟಲೆ ಒಣಗಬೇಕಿದ್ದ ಬಣ್ಣವನ್ನು ಗಂಟೆಗಳಿಗೆ ಇಳಿಸಿತ್ತು. ಮೊದಮೊದಲ ದುಬಾರಿ ಕಾರುಗಳ ಮಿನುಗಿಗೆ ಬೆರೆಸುತ್ತಿದ್ದುದು ಏನು ಗೊತ್ತೆ? ಮೀನಿನ ಹುರುಪೆಯಿಂದ ತೆಗೆದ ಹೊಳಪಿನ ಪುಡಿ! ಅಲ್ಯೂಮಿನಿಯಂ ಚಕ್ಕೆ ಅಗ್ಗವಾದ ಮೇಲಷ್ಟೇ ಮಿನುಗು ಸಾಮಾನ್ಯರ ಕಾರಿಗೂ ಇಳಿಯಿತು.

ಹಳೆಯ ಕಾರು ಇಟ್ಟುಕೊಂಡವರಿಗೆ ಈ ಇತಿಹಾಸದಲ್ಲೊಂದು ಎಚ್ಚರಿಕೆಯಿದೆ. ಮೇಲೊಂದು ಕ್ಲಿಯರ್ ಹೊಡೆಯುವ ಪದ್ಧತಿ ವ್ಯಾಪಕವಾದದ್ದು 1980ರ ದಶಕದಿಂದೀಚೆಗೆ. ಅದಕ್ಕೂ ಹಿಂದಿನ ರೀತಿಯ ಪೇಂಟಿನಲ್ಲಿ ಚಕ್ಕೆಗಳು ಮೇಲ್ಮೈಯಲ್ಲೇ ಇರುತ್ತವೆ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿತೋ, ಕೈ ನಿಲ್ಲಿಸಿ. ನೀವು ಬೆಳ್ಳಿಯನ್ನೇ ಕೆರೆಯುತ್ತಿದ್ದೀರಿ!

ಗೌರಿಬಿದನೂರು: ನುಣುಪು ಎಂದರೆ ಯಾರಿಗೆ ನುಣುಪು?

ಉಳಿದದ್ದು ಕೊನೆಯ ತುಂಡು. ಗೀರು ತೆಗೆಯಲು ಬಳಸುವ ರಬ್ಬಿಂಗ್ ಕಾಂಪೌಂಡ್‌ನಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಡಸು ಪುಡಿ. ಅಂದರೆ ಗೀರು ತೆಗೆಯುವುದೂ ಗೀರಿಯೇ! ಹಾಗಿದ್ದೂ ಕೊನೆಗೆ ನುಣುಪು ಹೇಗೆ ಬರುತ್ತದೆ?

ಉತ್ತರ ಗೌರಿಬಿದನೂರಿನ ಬಯಲಲ್ಲಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ 1976ರಿಂದ ಅಲ್ಲಿ ಆಕಾಶಕ್ಕೆ ಕಿವಿಗೊಟ್ಟಿತು. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿದ ಸಾವಿರ ಆಂಟೆನಾಗಳು ಹಿಡಿಯುತ್ತಿದ್ದುದು 34.5 ಮೆಗಾಹರ್ಟ್ಸ್‌ನ ಅಲೆ. ಆ ಅಲೆಯ ಉದ್ದ ಸುಮಾರು 8.7 ಮೀಟರ್, ಎರಡು ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು! ಅಷ್ಟುದ್ದದ ಅಲೆಗೆ ಕೋಳಿಗೂಡಿನ ತಂತಿಜಾಲರಿಯೂ ನುಣುಪು ಕನ್ನಡಿಯೇ. ಅದರ ತೂತುಗಳು ಅಲೆಯ ಕಣ್ಣಿಗೇ ಬೀಳುವುದಿಲ್ಲ. ನಾವು ಕಾಣುವ ಬೆಳಕೂ ಅದೇ ಕುಲದ ಅಲೆ. ಆದರೆ ಉದ್ದ 0.4ರಿಂದ 0.7 ಮೈಕ್ರಾನ್. ಅದಕ್ಕಿಂತ ದೊಡ್ಡ ಗೀರು ಅದಕ್ಕೆ ಹಳ್ಳ, ತೀರಾ ಚಿಕ್ಕ ಗೀರು ಇದ್ದರೂ ಇಲ್ಲದಂತೆ.

ಅಬ್ಬಾ, ಪಾಲಿಶಿನ ಗುಟ್ಟು ಇದೇ! ದೊಡ್ಡ ಗೀರುಗಳನ್ನು ಅದಕ್ಕಿಂತ ಸಣ್ಣ ಗೀರುಗಳಿಂದ, ಅವನ್ನು ಮತ್ತೂ ಸಣ್ಣ ಗೀರುಗಳಿಂದ ಅಳಿಸುತ್ತ ಅಳಿಸುತ್ತ, ಬೆಳಕಿನ ಅಲೆಗೇ ಕಾಣದಷ್ಟು ಸಣ್ಣದಕ್ಕೆ ಇಳಿಸುವುದು. ಗೀರುಗಳೆಲ್ಲ ಇಲ್ಲವಾಗಲಿಲ್ಲ, ಬೆಳಕಿನ ಕೈಯಿಂದ ನುಣುಚಿಕೊಂಡವು.

ಅದಕ್ಕೇ ಬಫಿಂಗ್ ಮಿಷನ್ನಿನ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಒಂದೇ ಅಚ್ಚಿನಲ್ಲಿ ಗಿರ್ರೆಂದು ತಿರುಗುವ ರೋಟರಿ ಮಿಷನ್ ವೇಗವಾಗಿ ಕತ್ತರಿಸುತ್ತದೆ, ಅಷ್ಟೇ ವೇಗವಾಗಿ ಬಿಸಿಯಾಗುತ್ತದೆ. ಪಳಗಿದ ಕೈಗಳಿಗೆ ಮಾತ್ರ ಅದು ಸರಿ. ಸುತ್ತುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಮಿಷನ್ ನಿಧಾನಿ, ಹೊಸಬರಿಗೆ ಕ್ಷೇಮ. ಎರಡಡಿ ಚೌಕದಷ್ಟೇ ಜಾಗ, ಪ್ಯಾಡಿನ ಮೇಲೆ ನಾಲ್ಕು ಹನಿ ಕಾಂಪೌಂಡ್, ಒಂದರ ಮೇಲೊಂದು ಅರ್ಧರ್ಧ ಬೀಳುವಂತೆ ನಿಧಾನದ ಓಟ. ಅಂಚು, ಗೆರೆ ಎದ್ದ ಕಡೆ ಕ್ಲಿಯರ್ ತೆಳುವಾಗಿರುತ್ತದೆ, ಅಲ್ಲಿಗೆ ಟೇಪ್. ಆಮೇಲೆ ಮೆದು ಸ್ಪಂಜಿನ ಪ್ಯಾಡ್, ನಯವಾದ ಪಾಲಿಶ್. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಲ್ಲಿ ಒರೆಸಿ, ಪಾಲಿಶಿನ ಎಣ್ಣೆಯನ್ನೆಲ್ಲ ತೆಗೆದು ನೋಡಬೇಕು. ಎಣ್ಣೆ ಹೋದ ಮೇಲೂ ಹೊಳಪು ನಿಂತಿತೇ? ಹಾಗಾದರೆ ಅದು ನಿಜ! ಅದರ ಮೇಲೆ ಬ್ರೆಜಿಲಿನ ತಾಳೆಯ ಕಾರ್ನೌಬ ಮೇಣವೋ, ಸೀಲಂಟೋ, ಸೆರಾಮಿಕ್ ಕೋಟಿಂಗೋ, ಜೇಬು ಹೇಳಿದ್ದು. ಅವು ಹೊಳಪನ್ನು ಕಾಯುತ್ತವೆ; ಹುಟ್ಟಿಸಿದ್ದು ಮಾತ್ರ ತೆಗೆದ ಕೈ.

ತೆಗೆಯುವುದಕ್ಕೆ ಮಿತಿಯೂ ಇದೆ. ಬಿಸಿಲಿನ ಅತಿನೇರಳೆಯನ್ನು ತಾನುಂಡು ಕೆಳಗಿನ ಬಣ್ಣವನ್ನು ಕಾಯುವುದು ಕ್ಲಿಯರ್. ಪ್ರತಿ ಪಾಲಿಶೂ ಅದರಿಂದ ಮೈಕ್ರಾನುಗಳ ಲೆಕ್ಕದಲ್ಲಿ ಕಳೆಯುತ್ತದೆ, ಕಳೆದದ್ದು ಮರಳದು. ಒಳ್ಳೆಯ ಕೆಲಸಗಾರರು ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇಡುವುದು ಇದಕ್ಕೇ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 200 ದಾಟಿದರೆ ಆ ಬಾಗಿಲು ಹಿಂದೆಂದೋ ಟಿಂಕರಿಂಗ್ ಶೆಡ್ ಕಂಡಿರಬಹುದು, 80ಕ್ಕೂ ಇಳಿದಿದ್ದರೆ ಮುಟ್ಟದಿರುವುದೇ ಜಾಣತನ. ನೀರು ಸುರಿದರೂ ಬೆಳ್ಳಗೇ ಉಳಿದು ಸಿಪ್ಪೆ ಏಳುವ ಜಾಗದಲ್ಲಿ ಕ್ಲಿಯರೇ ಸತ್ತಿದೆ, ಅಲ್ಲಿಗೆ ಯಾವ ಪಾಲಿಶೂ ಬೇಡ, ಪೇಂಟೇ ಗತಿ.

ಆದರೆ ಮಂಕೆಂದು ಕೈಬಿಟ್ಟ ಕಾರುಗಳಲ್ಲಿ ಎಷ್ಟೋ ಆ ಸ್ಥಿತಿಗೆ ಬಂದಿರುವುದಿಲ್ಲ! ಇಡೀ ಕಾರಿಗೆ ಪೇಂಟ್ ಹೊಡೆಸಲು ಹಣ ಎಣಿಸುವ ಮುನ್ನ ಒಂದು ಭಾನುವಾರದ ಬೆಳಗನ್ನು ಮೀಸಲಿಡಿ. ಬಿಸಿಲೇರುವ ಮೊದಲು, ನೆರಳಲ್ಲಿ, ತೊಳೆದ ಬಾನೆಟ್ಟಿನ ಒಂದು ಗೇಣು ಚೌಕಕ್ಕೆ ಟೇಪ್ ಅಂಟಿಸಿ. ಎಲ್ಲಕ್ಕಿಂತ ಮೆದು ಪ್ಯಾಡ್, ಎಲ್ಲಕ್ಕಿಂತ ನಯವಾದ ಪಾಲಿಶ್‌ನಿಂದ ಶುರು ಮಾಡಿ. ಸಾಲದಾದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಹೋಗಿ, ಸಾಕೆನಿಸಿದ ಕ್ಷಣ ನಿಲ್ಲಿಸಿ. ಟೇಪ್ ಕಿತ್ತಾಗ ಆ ಚೌಕದೊಳಗೆ ಏನು ಕಂಡಿತೆಂದು ಪಕ್ಕದ ಮನೆಯವರನ್ನು ಕರೆದು ಕೇಳಿ. ಹೊಸ ಪೇಂಟೇ ಎಂದು ಅವರು ಕೇಳಿದರೆ ಅಚ್ಚರಿಪಡಬೇಡಿ. ಹಳೆಯದೇ, ಕಾರ್ಖಾನೆಯದೇ, ಮೊದಲ ದಿನದ್ದೇ!